ಕೈಬಿಟ್ಟ ಗಣಿಗಳ ಮೇಲಿನ ನೆಲಕುಸಿತ: ಫ್ಲ್ಯಾಕ್-3ಡಿ ತಂತ್ರಾಂಶದ ವಿಮರ್ಶೆ

ಗಣಿಗಾರಿಕೆ ನಿಂತು ದಶಕಗಳಾದ ಮೇಲೆ, ಮನೆ ರಸ್ತೆಗಳನ್ನು ಹೊತ್ತ ನೆಲ ಕುಸಿದೀತೇ ಎಂಬ ಪ್ರಶ್ನೆಗೆ ಕಲ್ಲುಮಣ್ಣಿನ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ, ಇಟಾಸ್ಕಾ ಸಂಸ್ಥೆಯ ಫ್ಲ್ಯಾಕ್-3ಡಿ ತಂತ್ರಾಂಶದ ಉತ್ತರವನ್ನು ಎಷ್ಟು ನಂಬಬಹುದು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇದರ ದೊಡ್ಡ ಬಲವಿರುವುದು ಲೆಕ್ಕದ ಕ್ರಮದಲ್ಲಿ. ಶಿಲಾರಾಶಿಯನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಚಲನೆಯ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುತ್ತ ಹೋಗುವುದರಿಂದ, ಚಾವಣಿ ಹೊರಲೆಂದು ಗಣಿಯಲ್ಲಿ ಅಗೆಯದೆ ಬಿಟ್ಟ ಒಂದು ಕಂಬ ಮುರಿದು ಅದರ ಹೊರೆ ಪಕ್ಕದ ಕಂಬಗಳ ಮೇಲೆ ಬಿದ್ದು ಅವೂ ಸರಣಿಯಾಗಿ ಸೋಲುವ ಸಂದರ್ಭದಲ್ಲೂ ಲೆಕ್ಕ ನಡುವೆ ಕೈಕೊಡುವುದು ವಿರಳ. ಮಿತಿ ಮೀರಿ ಒತ್ತಿದ ಮೇಲೆ ಕಲ್ಲು ಕ್ರಮೇಣ ಬಲ ಕಳೆದುಕೊಳ್ಳುವುದನ್ನು ತೋರಿಸುವ ಮಾದರಿಯೂ ಇದರಲ್ಲಿದೆ. ಹಳೆಯ ಗಣಿಗಳ ಅಧ್ಯಯನಕ್ಕೆ ಅದು ಅತ್ಯಗತ್ಯ. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿಯಲ್ಲಿ 1960ರ ಜನವರಿಯಲ್ಲಿ ನೂರಾರು ಕಂಬಗಳು ಕುಸಿದು 400ಕ್ಕೂ ಹೆಚ್ಚು ಕಾರ್ಮಿಕರು ಸತ್ತದ್ದು ಇಂಥದೇ ಸರಣಿ ಸೋಲಿನಿಂದ. ಆ ದುರಂತದ ಬಳಿಕ ಸಂಶೋಧಕರಾದ ಸಾಲಮನ್ ಮತ್ತು ಮನ್ರೋ 1967ರಲ್ಲಿ ಪ್ರಕಟಿಸಿದ ಸೂತ್ರ, ಕಂಬದ ಬಲವನ್ನು ಅದರ ಅಗಲ ಮತ್ತು ಎತ್ತರಗಳಿಂದ ಅಂದಾಜಿಸುತ್ತದೆ. ತಂತ್ರಾಂಶಕ್ಕೆ ಕೊಡುವ ಮೌಲ್ಯಗಳನ್ನು ಇಂಥ ಅನುಭವಜನ್ಯ ಸೂತ್ರದೊಂದಿಗೆ ಹೋಲಿಸಿ ಹೊಂದಿಸದಿದ್ದರೆ, ಅದು ತೋರಿಸುವ ಬಣ್ಣಬಣ್ಣದ ಚಿತ್ರಗಳಿಗೆ ಯಾವ ಬೆಲೆಯೂ ಇಲ್ಲ.

ಬಳಕೆದಾರರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಕಾಲದ ವಿಷಯದಲ್ಲಿ. ಸಾಮಾನ್ಯ ಲೆಕ್ಕದಲ್ಲಿ ಹೆಜ್ಜೆಗಳೆಂದರೆ ವರ್ಷಗಳಲ್ಲ. ಪಂಪು ನಿಂತ ಮೇಲೆ ಗಣಿಯಲ್ಲಿ ನೀರು ಏರಿ ಕಂಬದ ಬುಡದ ಜೇಡಿಪದರ ಮೆತ್ತಗಾಗುವುದನ್ನೂ, ಕಂಬದ ಬದಿ ಉದುರುವುದನ್ನೂ ಬಳಕೆದಾರರೇ ಹಂತಹಂತವಾಗಿ ಬಲ ತಗ್ಗಿಸಿ ಸೂಚಿಸಬೇಕು. ಎಷ್ಟು ದುರ್ಬಲವಾದರೆ ಕುಸಿಯುತ್ತದೆ ಎಂಬುದು ತಿಳಿಯುತ್ತದೆ, ಯಾವಾಗ ಎಂಬುದು ತಿಳಿಯುವುದಿಲ್ಲ. ನಿಧಾನವಾಗಿ ಹರಿಯುವ ಗುಣದ ಉಪ್ಪಿನಂಥ ಶಿಲೆಯ ಗಣಿಗಳಿಗಾದರೆ ನಿಜವಾದ ಕಾಲಮಾನವಿರುವ ಪ್ರತ್ಯೇಕ ಮಾದರಿಗಳು ಒದಗುತ್ತವೆ.

ನೆಲದ ಹತ್ತಿರದ ಟೊಳ್ಳುಗಳ ಮೇಲೆ ಹಠಾತ್ತನೆ ಬಾಯ್ತೆರೆಯುವ ಗುಂಡಿಗಳಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಚಾವಣಿ ತುಂಡುತುಂಡಾಗಿ ಉದುರಿ, ಉಬ್ಬಿದ ಕಲ್ಲುರಾಶಿ ಟೊಳ್ಳನ್ನು ತುಂಬುವವರೆಗೆ ಕುಸಿತ ಮೇಲೇರುತ್ತದೆ. 2 ಮೀಟರ್ ಎತ್ತರದ ಟೊಳ್ಳಿನಲ್ಲಿ, ಉದುರಿದ ಕಲ್ಲಿನ ಗಾತ್ರ ಕಾಲುಪಾಲು ಹೆಚ್ಚುವುದಾದರೆ, ನೇರ ಗೋಡೆಯ ಕುಸಿತ ಸುಮಾರು 8 ಮೀಟರ್ ಏರಿ ನಿಲ್ಲಬೇಕು. ಶಿಲೆಯನ್ನು ಬಿಡಿ ತುಂಡುಗಳಿಲ್ಲದ ಅಖಂಡ ಮಾಧ್ಯಮವೆಂದು ಭಾವಿಸುವ ಲೆಕ್ಕಕ್ಕೆ ಈ ಕ್ರಿಯೆ ಸಹಜವಾಗಿ ಒಗ್ಗದು. ಬಿಡಿ ಬಂಡೆಗಳನ್ನೇ ಪರಿಗಣಿಸುವ, ಅದೇ ಸಂಸ್ಥೆಯ 3ಡೆಕ್ ತಂತ್ರಾಂಶ ಇದಕ್ಕೆ ಹೆಚ್ಚು ಸೂಕ್ತ.

ತಂತ್ರಾಂಶದೊಳಗೇ ಇರುವ ಫಿಶ್ ಎಂಬ ಭಾಷೆಯಲ್ಲಿ ಅಥವಾ ಪೈಥಾನ್ ಭಾಷೆಯಲ್ಲಿ ಆದೇಶಗಳನ್ನು ಬರೆಯಬಲ್ಲವರಿಗೆ ಒಂದೇ ಗಣಿಯನ್ನು ಹಲವು ಊಹೆಗಳಡಿ ಪರೀಕ್ಷಿಸುವ ಸೌಲಭ್ಯವಿದೆ. ಗಣಿಯ ಹಳೆಯ ನಕ್ಷೆ ಅಪೂರ್ಣವಾಗಿದ್ದಾಗ ಈ ಸೌಲಭ್ಯ ಬಹಳ ಉಪಯುಕ್ತ. ಆದರೆ ನಕ್ಷೆಯೇ ಇಲ್ಲದಿದ್ದಲ್ಲಿ ತಂತ್ರಾಂಶದ ಪರವಾನಗಿಗಿಂತ ಮೊದಲು, ಟೊಳ್ಳುಗಳನ್ನು ಪತ್ತೆಹಚ್ಚಲು ನೆಲದಲ್ಲಿ ಕೊಳವೆ ಕೊರೆಸಲು ಹಣ ಮೀಸಲಿಡುವುದು ಒಳ್ಳೆಯದು.