ಹೊದಿಕೆ ಹೊಸದು, ಒಳಗೆ ಮೈನಸ್ ಗುರುತೇ ಇಲ್ಲ

ಹೊಸ ಸೆಮಿಸ್ಟರ್‌ಗಾಗಿ ಅಂತರ್ಜಾಲದಲ್ಲಿ ಪಠ್ಯಪುಸ್ತಕ ಹುಡುಕುತ್ತಿರುವವರು ಹಣ ಕಟ್ಟುವ ಮೊದಲು ಇದನ್ನು ಓದಿ. ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನ, ಗಣಿತ, ವೈದ್ಯಕೀಯ, ನೀವು ಯಾವ ವಿಭಾಗದವರಾದರೂ ಸರಿ. ನಕಲಿ ಪುಸ್ತಕ ಎಂದರೆ ಕಾಗದ ತೆಳು, ಬೈಂಡಿಂಗ್ ಬೇಗ ಬಿಡುತ್ತದೆ, ಅಷ್ಟೇ ಎಂದು ನಾನೂ ತಿಳಿದಿದ್ದೆ. ಒಳಗಿನ ಗಣಿತವೇ ಕೆಟ್ಟಿರಬಹುದು ಎಂಬುದು ಒಂದೂವರೆ ತಿಂಗಳ ಓದು ಹಾಳಾದ ಮೇಲೆ ತಿಳಿಯಿತು.

ನಾನು ತರಿಸಿದ್ದು ಎಂಜಿನಿಯರಿಂಗ್ ಗಣಿತದ ಒಂದು ದಪ್ಪ ಪುಸ್ತಕ. ಮಾರಾಟಗಾರ ಹೊಸ ಆವೃತ್ತಿಯ ಹೊದಿಕೆಯ ಚಿತ್ರ ಹಾಕಿದ್ದ. ಬೆಲೆ ಉಳಿದ ಕಡೆಗಿಂತ ಅರ್ಧಕ್ಕೂ ಕಡಿಮೆ. ವಿದ್ಯಾರ್ಥಿಗಳಿಗಾಗಿ ತಂದ ಅಗ್ಗದ ಆವೃತ್ತಿ ಎಂದು ಕೆಳಗೆ ಬರೆದಿತ್ತು. ಅಂಥ ಆವೃತ್ತಿಗಳನ್ನು ಪ್ರಕಾಶಕರೇ ಹೊರತರುವುದುಂಟು, ಹಾಗಾಗಿ ಅನುಮಾನ ಬರಲಿಲ್ಲ. ಬಂದ ಪ್ರತಿಯ ಹೊದಿಕೆ ಫಳಫಳ ಹೊಳೆಯುತ್ತಿತ್ತು. ಒಳಪುಟಗಳಲ್ಲಿ ಮುದ್ರಣ ಅಲ್ಲಲ್ಲಿ ಮಾಸಿತ್ತು, ಆದರೆ ಓದಲು ಅಡ್ಡಿಯಿರಲಿಲ್ಲ. ಇಟ್ಟುಕೊಂಡೆ.

ಮೊದಲ ಸೂಚನೆ ಮನೆಗೆಲಸದಲ್ಲೇ ಸಿಕ್ಕಿತ್ತು. ಅಧ್ಯಾಪಕರು ಹೇಳಿದ ಲೆಕ್ಕಗಳ ಸಂಖ್ಯೆ ನೋಡಿ ನಾನು ಬಿಡಿಸಿ ಕೊಟ್ಟಿದ್ದು ಬೇರೆಯೇ ಲೆಕ್ಕಗಳನ್ನು. ಸಂಖ್ಯೆ ಬರೆದುಕೊಳ್ಳುವಾಗ ನಾನೇ ತಪ್ಪಿದೆ ಎಂದುಕೊಂಡು ಸುಮ್ಮನಾದೆ. ನಿಜವಾಗಿ ಹೊಸ ಆವೃತ್ತಿಯ ಹೊದಿಕೆಯೊಳಗೆ ಹಳೆಯ ಆವೃತ್ತಿಯ ಹಾಳೆಗಳನ್ನು ಹೊಲಿದಿದ್ದರು.

ಆಮೇಲೆ ಬಂದದ್ದು ಅವಕಲ ಸಮೀಕರಣಗಳನ್ನು ಸುಲಭವಾಗಿ ಬಿಡಿಸಲು ಬಳಸುವ ಲ್ಯಾಪ್ಲಾಸ್ ಪರಿವರ್ತನೆಯ ಅಧ್ಯಾಯ. ಒಂದು ರೆಸಿಸ್ಟರ್, ಒಂದು ಇಂಡಕ್ಟರ್, ಒಂದು ಬ್ಯಾಟರಿ ಇರುವ ವಿದ್ಯುತ್ ಮಂಡಲ. ಸ್ವಿಚ್ ಹಾಕಿದಾಗ ಕರೆಂಟ್ ಸೊನ್ನೆಯಿಂದ ಏರಿ, ವೋಲ್ಟೇಜನ್ನು ರೋಧದಿಂದ ಭಾಗಿಸಿದಾಗ ಬರುವ ಬೆಲೆಗೆ ಬಂದು ನಿಲ್ಲಬೇಕು. ಪುಸ್ತಕದ ಕೊನೆಯ ಕೋಷ್ಟಕ ನೋಡಿ ಮಾಡಿದ ನನ್ನ ಲೆಕ್ಕದಲ್ಲಿ ಕರೆಂಟ್ ಹಿಮ್ಮುಖವಾಗಿ ಹರಿದು ಕೊನೆಮೊದಲಿಲ್ಲದೆ ಬೆಳೆಯುತ್ತಿತ್ತು. ಹೊರಗಿನಿಂದ ಅಷ್ಟೊಂದು ಶಕ್ತಿ ಬರಲು ಅಲ್ಲಿ ದಾರಿಯೇ ಇಲ್ಲ. ಮೂರು ರಾತ್ರಿ ಕೂತು ಮತ್ತೆ ಮತ್ತೆ ಬಿಡಿಸಿದೆ. ಕಾಲ ಸೊನ್ನೆ ಎಂದಿಟ್ಟು ಪರೀಕ್ಷಿಸಿದರೆ ಕರೆಂಟ್ ಸೊನ್ನೆಯೇ ಬರುತ್ತಿತ್ತು, ಆದ್ದರಿಂದ ಸೂತ್ರದ ಮೇಲೆ ಸಂಶಯ ಹುಟ್ಟಲಿಲ್ಲ. ನನಗೆ ಈ ವಿಷಯ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೂ ಬಂದುಬಿಟ್ಟಿದ್ದೆ. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ.

ಕಿರು ಪರೀಕ್ಷೆಯಲ್ಲೂ ಅದೇ ತಪ್ಪು ಮಾಡಿದ ಮೇಲೆ ಗ್ರಂಥಾಲಯದ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಕೋಷ್ಟಕದ ಒಂದೇ ಪುಟದಲ್ಲಿ ಒಂಬತ್ತು ಕಡೆ ಘಾತಾಂಕದ ಮೈನಸ್ ಗುರುತು ಮಾಯವಾಗಿತ್ತು. ಕ್ಷೀಣಿಸಬೇಕಾದ ಪದ ನನ್ನ ಪುಸ್ತಕದಲ್ಲಿ ಬೆಳೆಯುವ ಪದವಾಗಿತ್ತು. ಎಲ್ಲ ಸಾಲುಗಳಲ್ಲೂ ಹೋಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕೆಲವು ಉಳಿದಿದ್ದರಿಂದಲೇ ಮೋಸಹೋದೆ.

ಇದು ಆಗುವ ಬಗೆ ಸರಳ. ಅಸಲಿ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಬೂದುಬಣ್ಣವೆಲ್ಲ ಬಿಟ್ಟು ಬರೀ ಕಪ್ಪು ಬಿಳುಪಿಗೆ ಇಳಿಸುತ್ತಾರೆ. ಕೂದಲೆಳೆಯಂಥ ಅಡ್ಡಗೆರೆ ಆಗ ಬಿಳಿಯ ಪಾಲಾಗುತ್ತದೆ. ಕಲೆಗಳನ್ನು ಅಳಿಸುವ ತಂತ್ರಾಂಶ ದಶಮಾಂಶ ಬಿಂದುವನ್ನೂ ಕಲೆಯೆಂದೇ ತಿಳಿದು ಒರೆಸಬಹುದು. ಅಂಕಿಗಳೇ ಬದಲಾದದ್ದೂ ಇದೆ: ಕೆಲವು ಸ್ಕ್ಯಾನರ್‌ಗಳು ಚಿತ್ರವನ್ನು ಕುಗ್ಗಿಸುವಾಗ 6ರ ಜಾಗದಲ್ಲಿ 8 ಕೂರಿಸುತ್ತಿದ್ದುದನ್ನು ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ 2013ರಲ್ಲಿ ಪತ್ತೆಹಚ್ಚಿದರು. ಅಲ್ಲಿ ಮಸುಕೂ ಇರಲಿಲ್ಲ, ತಪ್ಪು ಅಂಕಿ ಸ್ಪಷ್ಟವಾಗಿಯೇ ಮುದ್ರಿತವಾಗಿತ್ತು.

ನನ್ನ ಕೊಠಡಿಯ ಗೆಳೆಯ ವೈದ್ಯಕೀಯ ಓದುತ್ತಾನೆ. ಅವನೂ ಅದೇ ಮಾರಾಟಗಾರನಿಂದ ಔಷಧಶಾಸ್ತ್ರದ ಪುಸ್ತಕ ತರಿಸಿದ್ದ. ನನ್ನ ಕಥೆ ಕೇಳಿ ತನ್ನದನ್ನೂ ತೆಗೆದು ನೋಡಿದ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್‌ನ ಪ್ರಮಾಣ ಮೈಕ್ರೊಗ್ರಾಂನಲ್ಲಿರಬೇಕು, ಅವನ ಪುಸ್ತಕದಲ್ಲಿ ಮಿಲಿಗ್ರಾಂ ಎಂದಿತ್ತು. ಸಾವಿರ ಪಟ್ಟು ವ್ಯತ್ಯಾಸ! ಅಕ್ಷರಶೈಲಿಯ (ಫಾಂಟ್) ಕಡತ ಕೈಬಿಟ್ಟುಹೋದಾಗ ಮೈಕ್ರೊ ಎಂಬುದನ್ನು ಸೂಚಿಸುವ ಗ್ರೀಕ್‌ನ ಮ್ಯೂ ಚಿಹ್ನೆ, ಮಿಲಿಯನ್ನು ಸೂಚಿಸುವ ಬರೀ ಎಂ ಆಗಿ ಅಚ್ಚಾಗುವುದು ಹಳೆಯ ಸಮಸ್ಯೆ. ಕೈಬರಹದಲ್ಲೂ ಇದೇ ಗೊಂದಲವಾಗುತ್ತದೆಂದು, ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಶನ್ ಪ್ರಾಕ್ಟೀಸಸ್ ಈ ಚಿಹ್ನೆಯನ್ನು ತಪ್ಪಿಗೆ ದಾರಿಯಾಗುವ ಸಂಕ್ಷೇಪಗಳ ಪಟ್ಟಿಯಲ್ಲಿಟ್ಟಿದೆ. ನನ್ನ ತಪ್ಪಿಗೆ ಅಂಕ ಹೋಯಿತು. ಅವನು ನಾಳೆ ಯಾರಿಗೋ ಔಷಧ ಬರೆಯಬೇಕಾದವನು.

ತುರ್ತು ಚಿಕಿತ್ಸೆಯ ಅವನ ಇನ್ನೊಂದು ಪುಸ್ತಕದ ಹೊದಿಕೆಯೂ ಹೊಸದೇ. ಆದರೆ ಹೃದಯ ನಿಂತ ವಯಸ್ಕರಿಗೆ ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದು ಎಂಬ ಹಳೆಯ ಕ್ರಮವೇ ಅದರಲ್ಲಿತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಇದನ್ನು ಬದಲಿಸಿ ಎದೆ ಒತ್ತುವುದನ್ನು ಮೊದಲಿಗೆ ತಂದಿತು. 2015ರಲ್ಲಿ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂದು ವೇಗವನ್ನೂ ಗೊತ್ತುಮಾಡಿತು. ಗಣಿತದಲ್ಲಾದರೆ ಹಳೆಯ ಆವೃತ್ತಿಯಿಂದ ಹೆಚ್ಚಿನ ನಷ್ಟವಿಲ್ಲ, ಸಮಾಕಲನದ ನಿಯಮ ಬದಲಾಗುವುದಿಲ್ಲ. ಹಿರಿಯ ವಿದ್ಯಾರ್ಥಿಗಳು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ ಹಳೆಯ ಅಸಲಿ ಪ್ರತಿಯನ್ನು ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ. ವೈದ್ಯಕೀಯದಲ್ಲಿ ಮಾತ್ರ ಆ ಧೈರ್ಯ ಬೇಡ.

ಪುಸ್ತಕ ಕೈಗೆ ಬಂದ ದಿನವೇ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ, ಹೊದಿಕೆಯ ಮೇಲಿನ ಐಎಸ್‌ಬಿಎನ್ (ಪುಸ್ತಕದ ಗುರುತಿನ) ಸಂಖ್ಯೆ ಹಕ್ಕುಸ್ವಾಮ್ಯದ ಪುಟದಲ್ಲೂ ಇದೆಯೇ ನೋಡಿ. ಬೇರೆ ಬೇರೆ ಆವೃತ್ತಿಗಳಿಗೆ ಬೇರೆ ಬೇರೆ ಸಂಖ್ಯೆಯಿರುತ್ತದೆ. ನನ್ನ ಪ್ರತಿಯಲ್ಲಿ ಎರಡೂ ಹೊಂದುತ್ತಿರಲಿಲ್ಲ, ನಾನು ಆ ಪುಟ ತೆರೆದೇ ಇರಲಿಲ್ಲ. 13 ಅಂಕಿಗಳನ್ನು ಎಡದಿಂದ ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಹಾಗೆ ಆದ ಮಾತ್ರಕ್ಕೆ ಪುಸ್ತಕ ಅಸಲಿಯೆಂದು ನಂಬಬೇಡಿ, ಸಂಖ್ಯೆಯನ್ನೂ ನಕಲು ಮಾಡುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಗಟ್ಟಿ ಪರೀಕ್ಷೆ ಎಂದರೆ ಅತಿ ಸಣ್ಣ ಗುರುತುಗಳಿರುವ ಪುಟವನ್ನು ಗ್ರಂಥಾಲಯದ ಪ್ರತಿಯೊಂದಿಗೆ ಹೋಲಿಸುವುದು. ಎಂಜಿನಿಯರಿಂಗ್‌ನವರು ಪರಿವರ್ತನೆಯ ಕೋಷ್ಟಕಗಳನ್ನು, ವೈದ್ಯಕೀಯದವರು ಔಷಧ ಪ್ರಮಾಣದ ಪಟ್ಟಿಯನ್ನು ತೆರೆಯಿರಿ. ಕಂಪ್ಯೂಟರ್ ವಿಜ್ಞಾನದವರು ತರ್ಕದ ಬೀಜಗಣಿತದ ಡಿ ಮಾರ್ಗನ್ ನಿಯಮವಿರುವ ಪುಟವನ್ನೇ ನೋಡಿ. ಅಕ್ಷರಗಳ ತಲೆಯ ಮೇಲೆ ‘ಅಲ್ಲ’ ಎಂದು ಸೂಚಿಸುವ ನಿಷೇಧದ ಗೆರೆ ಅಳಿಸಿಹೋದರೆ ಕೂಡುವುದೂ ಗುಣಿಸುವುದೂ ಒಂದೇ ಎಂದು ಆ ನಿಯಮ ಹೇಳಿದಂತಾಗುತ್ತದೆ.

ಮಾರಾಟಗಾರನಿಗೆ ಪುಟಗಳ ಚಿತ್ರ ಸಮೇತ ಬರೆದೆ. ಹಿಂದಿರುಗಿಸುವ ಅವಧಿ ಮುಗಿದಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ವಾರದ ಬಳಿಕ ಆ ಖಾತೆಯೇ ಇರಲಿಲ್ಲ. ನಿನ್ನೆ ಅದೇ ಪುಸ್ತಕ ಇನ್ನೊಂದು ಹೆಸರಿನ ಖಾತೆಯಲ್ಲಿ ಕಾಣಿಸಿತು. ಚಿತ್ರ ಅದೇ, ಹೊದಿಕೆಯ ಬಲಮೂಲೆಯಲ್ಲಿ ಅದೇ ಸಣ್ಣ ಮಡಿಕೆ. ಕೆಲವೇ ಪ್ರತಿಗಳು ಉಳಿದಿವೆ ಎಂದು ಕೆಂಪಕ್ಷರದಲ್ಲಿ ಬರೆದಿದೆ.