18 ಹೋಮ್ ಗೇಮ್ ಅಂದರು, ಎಣಿಸಿದರೆ 17: ಕಾಲೇಜ್ ಹಾಕಿ ಸೀಸನ್ ಟಿಕೆಟ್ ತಗೊಳ್ಳೋ ಮುಂಚೆ ಇದನ್ನು ಓದಿ

ಮೊನ್ನೆ ಭಾನುವಾರ ಕಾಲೇಜಿನ ಟಿಕೆಟ್ ಆಫೀಸಿನಿಂದ ಮೇಲ್ ಬಂತು. ಹೊಸ ಸೀಸನ್ನಿಗೆ ಟಿಕೆಟ್ ತಯಾರಿದೆ, ಶುಕ್ರವಾರದೊಳಗೆ ದುಡ್ಡು ಕಟ್ಟಿ ಅಂತ. ದಪ್ಪ ಅಕ್ಷರದಲ್ಲಿ "18 ಹೋಮ್ ಗೇಮ್", ಅಂದರೆ ನಮ್ಮ ಊರಲ್ಲೇ ಆಡುವ ಗೇಮ್. ಆ 18ರ ಪಕ್ಕ ಒಂದು ಪುಟ್ಟ ನಕ್ಷತ್ರ.

ಅದೇ ನಕ್ಷತ್ರ! ಕೆಲವು ಚಳಿಗಾಲದ ಹಿಂದೆ ನನಗೆ ಟೋಪಿ ಹಾಕಿದ್ದು ಇದೇ ನಕ್ಷತ್ರ. ಆಗ ನಾಚಿಕೆಯಿಂದ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನಮ್ಮ ಕಡೆಯವರು ಈ ಊರಿಗೆ ಹೊಸದಾಗಿ ಬರುತ್ತಲೇ ಇದ್ದಾರೆ, ಮಕ್ಕಳಿಗೆ ಹಾಕಿ ಹುಚ್ಚು ಹತ್ತುತ್ತಲೇ ಇದೆ. ಇನ್ನೊಬ್ಬರು ಬೀಳುವುದು ಬೇಡ.

ಮೊದಲು ಸ್ವಲ್ಪ ಹಿನ್ನೆಲೆ. ನಾನಿರುವುದು ಅಮೆರಿಕದ ಮಿಡ್‌ವೆಸ್ಟಿನ ಒಂದು ಕಾಲೇಜು ಊರಿನಲ್ಲಿ. ಹಾಕಿ ಅಂದರೆ ಇಲ್ಲಿ ಐಸ್ ಹಾಕಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಹೆಚ್ಚಾಗಿ ಶುಕ್ರವಾರ ರಾತ್ರಿ ಒಂದು, ಶನಿವಾರ ರಾತ್ರಿ ಒಂದು. ಎರಡೂ ಅದೇ ಎದುರಾಳಿ ಜೊತೆ. ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆ. ನಾವು ಕೊಡವರಲ್ಲ, ಆದರೆ ಆ ಊರಲ್ಲಿ ಬೆಳೆದವನಿಗೆ ಹಾಕಿ ಬಿಡುತ್ತದೆಯೇ? ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಯಾರೋ ರಿಂಕಿಗೆ, ಅಂದರೆ ಐಸ್ ಹಾಕಿ ಆಡುವ ಅಂಗಳಕ್ಕೆ, ಕರೆದುಕೊಂಡು ಹೋದರು. ಮುಗಿಯಿತು, ಅಲ್ಲೇ ಸಿಕ್ಕಿಬಿದ್ದೆ.

ಕಾಲೇಜ್ ಹಾಕಿಯ ರುಚಿ ಇರುವುದೇ ಆ ಸಣ್ಣ ರಿಂಕಿನಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಲೈನಾ ರಿಂಕ್ ನೋಡಿ, ಇರುವುದೇ ನಾಲ್ಕು ಸಾವಿರ ಚಿಲ್ಲರೆ ಸೀಟು. ಅಲ್ಲಿಗೆ ಹಾರ್ವರ್ಡ್ ತಂಡ ಬಂದರೆ ಜನ ಐಸ್ ಮೇಲೆ ಮೀನು ಎಸೆಯುತ್ತಾರೆ. ಹೌದು, ನಿಜವಾದ ಮೀನು! ಹಾಗೆ ಪ್ರತಿ ಊರಿಗೂ ಅದರದೇ ಹುಚ್ಚು. ನಮ್ಮ ರಿಂಕಿನಲ್ಲೂ ಇದೆ. ವಿದ್ಯಾರ್ಥಿಗಳ ಕೂಗು, ತಗ್ಗಿನ ಚಾವಣಿಗೆ ಬಡಿದು ಕಿವಿಗೆ ಬರುವ ಬ್ಯಾಂಡು, ರಿಂಕಿನ ಸುತ್ತಲ ಗಾಜಿಗೆ ಆಟಗಾರ ಅಪ್ಪಳಿಸಿದಾಗ ನಮ್ಮ ಸೀಟೂ ಅಲುಗುವುದು. ನಾವು ದುಡ್ಡು ಕೊಡುವುದು ಇದಕ್ಕೆ.

ಟೋಪಿ ಬಿದ್ದ ಆ ವರ್ಷ ಇಡೀ ಸೀಸನ್ನಿಗೆ ಮೂರು ಸೀಟು ತಗೊಂಡಿದ್ದೆ. ನಾನು, ಹೆಂಡತಿ, ಮಗಳು. ಮಗಳಿಗೆ ಆಗ ಒಂಬತ್ತು. ಸೀಟಿಗೆ 432 ಡಾಲರ್, ಅಂದರೆ 18 ಗೇಮಿಗೆ ತಲಾ 24. ಮೂರಕ್ಕೆ 1296. ಇದರ ಮೇಲೆ ಸೀಟಿಗೆ ನೂರು ಡಾಲರ್ "ದೇಣಿಗೆ". ಕಡ್ಡಾಯ ದೇಣಿಗೆ! ಕೊಡದಿದ್ದರೆ ಆ ಸೀಟಿಲ್ಲ. ಮೊದಲೆಲ್ಲ ಇಂಥ ದೇಣಿಗೆಯಲ್ಲಿ 80 ಪರ್ಸೆಂಟ್ ತೆರಿಗೆ ಲೆಕ್ಕದಲ್ಲಿ ಕಳೆಯಬಹುದಿತ್ತು. 2018ರಿಂದ ಅದೂ ಇಲ್ಲ. ಇರಲಿ, ಅದನ್ನು ಗೊತ್ತಿದ್ದೇ ಕೊಟ್ಟೆ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಶುರುವಾಗಿದ್ದು ಸೆಪ್ಟೆಂಬರಿನಲ್ಲಿ. ಟಿಕೆಟ್ಟುಗಳು ಫೋನಿಗೆ ಬಂದವು. ಮಗಳು ಒಂದೊಂದಾಗಿ ಸರಿಸುತ್ತಾ ಎಣಿಸಿದಳು. "ಅಪ್ಪಾ, ಹದಿನೇಳೇ ಇದೆ." ಸರಿಯಾಗಿ ಎಣಿಸು ಪುಟ್ಟಿ ಅಂದೆ. ಮತ್ತೆ ಹದಿನೇಳು. ನಾನು ಎಣಿಸಿದೆ. ಹದಿನೇಳು. ಹೆಂಡತಿ ಎಣಿಸಿದಳು. ಹದಿನೇಳು. ಆ್ಯಪ್ ಕೆಟ್ಟಿದೆ ಅಂದುಕೊಂಡೆ. ತೆಗೆದು ಮತ್ತೆ ಹಾಕಿದೆ. ಹದಿನೇಳೇ!

ಯಾವುದು ಇಲ್ಲ ಅಂತ ನೋಡಿದರೆ, ನಮ್ಮ ಹಳೇ ವೈರಿ ತಂಡದ ಜೊತೆಗಿನ ಶನಿವಾರದ ಗೇಮ್. ಇಡೀ ಸೀಸನ್ನಿನಲ್ಲಿ ಎಲ್ಲರೂ ಕಾಯುವ ಗೇಮ್. ನಿಜ ಹೇಳಬೇಕೆಂದರೆ ಅರ್ಧ ಜನ ಸೀಸನ್ ಟಿಕೆಟ್ ತಗೊಳ್ಳುವುದೇ ಅದೊಂದಕ್ಕೆ, ಬೇರೆ ದಾರಿಯಲ್ಲಿ ಟಿಕೆಟ್ ಸಿಗುವುದಿಲ್ಲ ಅಂತ. ಆ ಗೇಮನ್ನು ಮೂರು ಗಂಟೆ ದಾರಿಯ ದೊಡ್ಡ ಸಿಟಿಯ ಬೇಸ್‌ಬಾಲ್ ಮೈದಾನಕ್ಕೆ ಒಯ್ದಿದ್ದರು. ಬಯಲಲ್ಲಿ, ತಾತ್ಕಾಲಿಕವಾಗಿ ಐಸ್ ಹಾಸಿ. ಆದರೂ ಪಟ್ಟಿಯಲ್ಲಿ ಅದು "ಹೋಮ್ ಗೇಮ್".

ಏಪ್ರಿಲ್‌ನ ಮೇಲ್ ಹುಡುಕಿ ತೆಗೆದೆ. ನಕ್ಷತ್ರ ಇತ್ತು. ಕೆಳಗೆ, ಬೂದು ಬಣ್ಣದಲ್ಲಿ, ಸಾಸಿವೆ ಗಾತ್ರದ ಅಕ್ಷರ: "ಕೆಲವು ಹೋಮ್ ಗೇಮ್‌ಗಳು ಬೇರೆ ಜಾಗದಲ್ಲಿ ನಡೆಯಬಹುದು ಮತ್ತು ಪ್ಯಾಕೇಜಿಗೆ ಸೇರಿರದೆ ಇರಬಹುದು." ನಾನು ಓದಿರಲಿಲ್ಲ. ಓದಬೇಕಿತ್ತು. ಹೌದು, ನನ್ನದೇ ತಪ್ಪು ಅನ್ನುವವರು ಅನ್ನಿ. ಆದರೆ ಮೇಲೆ ಹದಿನೆಂಟು ಅಂತ ದಪ್ಪಗೆ ಬರೆದು, ಕೆಳಗೆ ಇಲ್ಲ ಅಂತ ತೆಳ್ಳಗೆ ಬರೆಯುವುದು ಯಾವ ನ್ಯಾಯ?

ಫೋನ್ ಮಾಡಿದೆ. ಎತ್ತಿದ ಹುಡುಗ ಬಹಳ ನಯವಾಗಿ ಮಾತಾಡಿದ. ಆ ನಯವೇ ಜಾಸ್ತಿ ಉರಿಸಿದ್ದು.

"ಹದಿನೆಂಟು ಗೇಮಿಗೆ ದುಡ್ಡು ತಗೊಂಡು ಹದಿನೇಳು ಟಿಕೆಟ್ ಕೊಟ್ಟಿದ್ದೀರಲ್ಲ?"

"ಸರ್, ಆ ಬೆಲೆ ಪ್ಯಾಕೇಜಿಗೆ. ಗೇಮ್ ಲೆಕ್ಕದಲ್ಲಿ ಅಲ್ಲ."

"ನಿಮ್ಮ ಮೇಲಲ್ಲೇ ಗೇಮಿಗೆ 24 ಡಾಲರ್ ಮಾತ್ರ ಅಂತ ಬರೆದಿದ್ದೀರಿ."

"ಅದು ಅಂದಾಜು ತಿಳಿಯಲಿ ಅಂತ ಕೊಟ್ಟ ಸರಾಸರಿ ಸರ್."

ಸರಾಸರಿಯಂತೆ! 432ನ್ನು 18ರಿಂದ ಭಾಗಿಸಿದರೆ 24 ಬರುತ್ತದೆ, 17ರಿಂದ ಭಾಗಿಸಿದರೆ ಬರುವುದಿಲ್ಲ. ಮಗಳಿಗೂ ಗೊತ್ತು. ಇದನ್ನು ಹೇಳಿದ್ದಕ್ಕೆ ಅವನು ಒಂದು ಕ್ಷಣ ಸುಮ್ಮನಾಗಿ, "ಆದರೆ ನಿಮಗೊಂದು ಒಳ್ಳೆಯ ಸುದ್ದಿ ಇದೆ" ಅಂದ. ಸೀಸನ್ ಟಿಕೆಟ್‌ನವರಿಗೆ ಆ ಬಯಲು ಗೇಮಿನ ಟಿಕೆಟ್ ಒಂದು ದಿನ ಮುಂಚೆ ಕೊಳ್ಳುವ ವಿಶೇಷ ಅವಕಾಶ. ಕೋಡ್ ಕಳಿಸುತ್ತೇವೆ, ಬೇಗ ಖಾಲಿಯಾಗುತ್ತದೆ, ಬಿಡಬೇಡಿ.

ಅಲ್ಲೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಆ ಚಳಿಗಾಲ ಅಪ್ಪ ವಿರಾಜಪೇಟೆಯಿಂದ ಬಂದಿದ್ದರು. ಚಿಕ್ಕವನಿದ್ದಾಗ ನನ್ನನ್ನು ಹಾಕಿ ನೋಡಲು ಕರೆದುಕೊಂಡು ಹೋಗುತ್ತಿದ್ದವರು ಅವರೇ. ಅವರಿಗೊಂದು ದೊಡ್ಡ ಗೇಮ್ ತೋರಿಸಬೇಕು ಅನ್ನುವ ಆಸೆ. ಸಾಲದು ಅಂತ ಕನ್ನಡ ಕೂಟದ ಇನ್ನೆರಡು ಮನೆಯವರಿಗೂ "ಬನ್ನಿ ಬನ್ನಿ, ಜೀವನದಲ್ಲಿ ಒಂದೇ ಸಲ" ಅಂತ ಹೇಳಿ ನನ್ನ ಕೋಡ್ ಕೊಟ್ಟೆ. ಈ ಮಾತು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ನಾಲ್ಕು ಟಿಕೆಟ್, ತಲಾ 110. ಕಾರ್ಡ್ ನಂಬರ್ ಹಾಕುವವರೆಗೆ ತೋರಿಸಿದ್ದು 440. ಕೊನೆಯ ಪುಟದಲ್ಲಿ ತಲಾ 26 ಸರ್ವಿಸ್ ಫೀ, ಆಮೇಲೆ ಆರ್ಡರ್ ಫೀ ಅಂತ 5. ಒಟ್ಟು 549. ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು, ಇನ್ನು ಎರಡು ನಿಮಿಷ ಅಂತ. ಒತ್ತಿದೆ. ಗಾಡಿ ನಿಲ್ಲಿಸಲು 50. ರಾತ್ರಿ ಹತ್ತು ದಾಟುತ್ತದೆ, ಹಿಮದಲ್ಲಿ ಅಪ್ಪನನ್ನು ಕೂರಿಸಿಕೊಂಡು ಮೂರು ಗಂಟೆ ಓಡಿಸಲು ಆಗುವುದಿಲ್ಲ ಅಂತ ಹೋಟೆಲಿಗೆ 189. ಪೆಟ್ರೋಲು, ಊಟ ಸೇರಿ 850 ದಾಟಿತು. ದೇಣಿಗೆ ಬಿಟ್ಟರೆ ಇಡೀ ಸೀಸನ್ನಿಗೆ ಕೊಟ್ಟಿದ್ದು 1296. ಒಂದೇ ಒಂದು ಗೇಮಿಗೆ ಅದರ ಮೂರನೇ ಎರಡು ಭಾಗ! ಅದೂ "ಹೋಮ್" ಗೇಮಿಗೆ!

(2025ರ ಮೇ 12ರಿಂದ ಅಮೆರಿಕದಲ್ಲಿ ನಿಯಮ ಬದಲಾಗಿದೆ. ಫೆಡರಲ್ ಟ್ರೇಡ್ ಕಮಿಷನ್ ಪ್ರಕಾರ ಆಟ, ಸಂಗೀತ ಕಾರ್ಯಕ್ರಮಗಳ ಟಿಕೆಟ್ಟಿಗೆ ಕಡ್ಡಾಯ ಫೀ ಎಲ್ಲ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ನನ್ನದು ಅದಕ್ಕಿಂತ ಮುಂಚಿನ ಕಥೆ. ತೋರಿಸಬೇಕು ಅಂತ ಇದೆಯೇ ಹೊರತು ಕಡಿಮೆ ಮಾಡಬೇಕು ಅಂತಿಲ್ಲ, ನೆನಪಿರಲಿ.)

ಇನ್ನು ಗೇಮಿನ ದಿನ. ದುಬಾರಿ ಸೀಟಾದರೂ ಪರವಾಗಿಲ್ಲ, ಕೆಳಗೆ ಹತ್ತಿರ ಇರಲಿ ಅಂತ ಮೂರನೇ ಸಾಲು ತಗೊಂಡಿದ್ದೆ. ನಮ್ಮ ರಿಂಕಿನಲ್ಲಿ ಮೂರನೇ ಸಾಲು ಅಂದರೆ ಗಾಜಿನ ಪಕ್ಕ. ಬೇಸ್‌ಬಾಲ್ ಮೈದಾನದಲ್ಲಿ ಹಾಗಲ್ಲ. ರಿಂಕ್ ಇರುವುದು ಮೈದಾನದ ನಡುವೆ, ಎಲ್ಲೋ ದೂರ. ರಿಂಕಿನ ಸುತ್ತ ಸುಮಾರು ಮೂರೂವರೆ ಅಡಿ ಎತ್ತರದ ಬೋರ್ಡು. ಕೆಳಗಿನ ಸಾಲಿನಲ್ಲಿ ಕೂತರೆ ಆ ಬೋರ್ಡೇ ಅಡ್ಡ. ಆಟಗಾರರ ಹೆಲ್ಮೆಟ್ ಮಾತ್ರ ಆ ಕಡೆಯಿಂದ ಈ ಕಡೆ ತೇಲುತ್ತಿತ್ತು. ಪಕ್ (ಇಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತ ದೇವರಿಗೇ ಗೊತ್ತು. ಮೇಲೆ ತುದಿಯ ಸಾಲಿನಲ್ಲಿ ಅಗ್ಗದ ಟಿಕೆಟ್ ತಗೊಂಡವರಿಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು! ಜಾಸ್ತಿ ದುಡ್ಡು ಕೊಟ್ಟಷ್ಟೂ ಕಡಿಮೆ ಕಾಣುವ ಏರ್ಪಾಡು. ಇದನ್ನು ಮಾರುವವರಿಗೆ ಗೊತ್ತಿರಲಿಲ್ಲವೇ?

ಅಪ್ಪ ಮಂಕಿ ಟೋಪಿ, ಅದರ ಮೇಲೆ ನನ್ನ ಉಣ್ಣೆ ಟೋಪಿ, ಎರಡು ಜಾಕೆಟ್ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು. "ಲೋ, ಚೆಂಡು ಎಲ್ಲೋ?" ಅಲ್ಲೇ ಇದೆ ಅಪ್ಪ, ಬೋರ್ಡಿನ ಹಿಂದೆ ಅಂದೆ. ಎರಡನೇ ಪೀರಿಯಡ್ಡಿಗೆ ಅವರು ಕಣ್ಣು ಮುಚ್ಚಿ ಕೂತರು. "ಇದಕ್ಕಿಂತ ರೇಡಿಯೋ ಕಾಮೆಂಟರಿನೇ ವಾಸಿ ಕಣೋ" ಅಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಸುತ್ತ ನೋಡಿದರೆ ಮುಕ್ಕಾಲು ಪಾಲು ಎದುರಾಳಿ ಬಣ್ಣ. ಆ ಸಿಟಿಯಲ್ಲಿ ಅವರ ಹಳೇ ವಿದ್ಯಾರ್ಥಿಗಳೇ ಜಾಸ್ತಿ. ನಮ್ಮ ಬ್ಯಾಂಡು ಎಲ್ಲೋ ಮೂಲೆಯಲ್ಲಿ, ಸದ್ದು ಗಾಳಿಗೆ ಹೋಗುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಬೆರಳೆಣಿಕೆ. ಬಸ್ಸಿಗೂ ಟಿಕೆಟ್ಟಿಗೂ ಅಷ್ಟು ದುಡ್ಡು ಅವರು ಎಲ್ಲಿಂದ ತರಬೇಕು? ಹಾಗಾದರೆ "ಹೋಮ್" ಅನ್ನುವುದರಲ್ಲಿ ಉಳಿದಿದ್ದೇನು? ಆಟ ನಿಂತಾಗ ಆಟಗಾರರನ್ನು ಎದುರಾಳಿಯ ನಂತರ ಬದಲಾಯಿಸುವ ಹಕ್ಕು ಹೋಮ್ ಕೋಚಿಗೆ ಇರುತ್ತದೆ. ಅದೊಂದು. ಅಷ್ಟೇ. ಹೋಮ್ ಅನ್ನುವುದು ಕೋಚಿಗೆ ಇತ್ತು, ನಮಗಿರಲಿಲ್ಲ.

ನಿಜವಾಗಿ ಕುಸಿದುಹೋಗಿದ್ದು ಇದಕ್ಕಲ್ಲ. ಪಕ್ಕದ ಸೀಟಿನಲ್ಲಿದ್ದ ಗಂಡ ಹೆಂಡತಿ ಜೊತೆ ಮಾತಾಡುತ್ತಾ ಎಷ್ಟಕ್ಕೆ ಸಿಕ್ಕಿತು ಅಂತ ಕೇಳಿದೆ. 45 ಡಾಲರ್. ಆ ಗುರುವಾರ ಕೊಂಡಿದ್ದಂತೆ, ಅದೇ ವೆಬ್‌ಸೈಟಿನಲ್ಲಿ. ಅದೇ ಸಾಲು! ನಾನು ಸೆಪ್ಟೆಂಬರಿನಲ್ಲಿ "ವಿಶೇಷ ಅವಕಾಶ"ದಲ್ಲಿ 110 ಕೊಟ್ಟಿದ್ದೆ. ಹಾಗಾದರೆ ಆ ಅವಕಾಶ ಯಾವುದಕ್ಕೆ? ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜಾಸ್ತಿ ಕೊಡುವುದಕ್ಕೆ. ನನ್ನ ಆ ಕಡೆ ಕೂತಿದ್ದ ಕೂಟದ ಗೆಳೆಯನಿಗೂ ಇದು ಕೇಳಿಸಿತು. ಅವನು ಏನೂ ಹೇಳಲಿಲ್ಲ. ಕಾಫಿ ತರುತ್ತೇನೆ ಅಂತ ಎದ್ದು ಹೋದವನು ಬಹಳ ಹೊತ್ತು ಬರಲೇ ಇಲ್ಲ. ಈಗಲೂ ಯುಗಾದಿ, ರಾಜ್ಯೋತ್ಸವದಲ್ಲಿ ಸಿಕ್ಕರೆ "ಏನ್ ಹಾಕಿ ಮೇಷ್ಟ್ರೇ, ಮುಂದಿನ ಗೇಮ್ ಎಲ್ಲಿ?" ಅನ್ನುತ್ತಾನೆ. ನಗುತ್ತೇನೆ. ಏನು ಮಾಡಲಿ?

ಸೋಮವಾರ ಮೇಲ್ ಬರೆದೆ. ಉತ್ತರಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ. ಕಾಲೇಜಿನವರು: "ಈ ಟಿಕೆಟ್ಟುಗಳನ್ನು ಮಾರಿದ್ದು ನಾವಲ್ಲ, ಕಾರ್ಯಕ್ರಮ ನಡೆಸಿದವರು." ನಡೆಸಿದವರು: "ಸೀಟಿನ ವ್ಯವಸ್ಥೆ ಮೈದಾನದವರದು." ಮೈದಾನದವರು: "ಈ ಪಂದ್ಯದ ಆತಿಥೇಯರು ಕಾಲೇಜು, ದಯವಿಟ್ಟು ಅವರನ್ನು ಕೇಳಿ." ಕೇಳಿದೆ! ಮತ್ತೆ ಕೇಳಿದೆ. ಬೆಲೆ ಇಳಿದದ್ದಕ್ಕೆ ಬಂದ ಉತ್ತರ, "ಬೇಡಿಕೆಗೆ ತಕ್ಕಂತೆ ಬೆಲೆ ಬದಲಾಗುತ್ತದೆ." ಕೊನೆಗೆ "ನಿಮ್ಮ ನಿಷ್ಠೆಗೆ ಕೃತಜ್ಞತೆ" ಅಂತ 15 ಡಾಲರಿನ ಕೂಪನ್ ಕಳಿಸಿದರು. ತಂಡದ ಅಂಗಡಿಯಲ್ಲಿ 75 ಡಾಲರಿಗೆ ಕೊಂಡರೆ ಮಾತ್ರ ನಡೆಯುತ್ತದೆ.

ಬಯಲು ಗೇಮೇ ಕೆಟ್ಟದ್ದು ಅನ್ನುತ್ತಿಲ್ಲ. 2001ರ ಅಕ್ಟೋಬರಿನಲ್ಲಿ ಮಿಷಿಗನ್ ಸ್ಟೇಟ್ ಮತ್ತು ಮಿಷಿಗನ್ ಅನ್ನುವ ಎರಡು ಕಾಲೇಜುಗಳ ತಂಡಗಳು ಮಿಷಿಗನ್ ಸ್ಟೇಟ್‌ನ ಫುಟ್‌ಬಾಲ್ ಮೈದಾನದಲ್ಲಿ ಆಡಿದಾಗ 74,544 ಜನ ಬಂದಿದ್ದರು. ಗೇಮ್ 3-3 ಸಮ ಆಯಿತು. 2010ರ ಡಿಸೆಂಬರಿನಲ್ಲಿ ಮಿಷಿಗನ್ ತಂಡದ ಊರಾದ ಆ್ಯನ್ ಆರ್ಬರಿನಲ್ಲಿ ಅದೇ ಎರಡು ತಂಡ, ಒಂದು ಲಕ್ಷದ ಮೇಲೆ ಜನ. ಈ ಆಸೆ ಎಲ್ಲರಿಗೂ ಹತ್ತಿದ್ದು ಅಲ್ಲಿಂದಲೇ. ಆದರೆ ಎರಡೂ ಸಲ ಹೋಮ್ ತಂಡ ಆಡಿದ್ದು ತನ್ನ ಊರಲ್ಲಿ, ತನ್ನದೇ ಮೈದಾನದಲ್ಲಿ. ಅಲ್ಲಿನ ವಿದ್ಯಾರ್ಥಿ ನಡೆದುಕೊಂಡು ಹೋಗಬಹುದಿತ್ತು. ಬಾಸ್ಟನ್‌ನಲ್ಲಿ ನಾಲ್ಕು ಕಾಲೇಜುಗಳು ಬೀನ್‌ಪಾಟ್ ಅಂತ 1952ರಿಂದ ಆಡುತ್ತಿವೆ. ಫೆಬ್ರವರಿಯ ಮೊದಲ ಎರಡು ಸೋಮವಾರ, ಊರ ದೊಡ್ಡ ಅರೀನಾದಲ್ಲಿ. ಎಲ್ಲರಿಗೂ ಗೊತ್ತು, ಯಾರಿಗೂ ಮೋಸವಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಕೊಡಗನ್ನೇ ನೋಡಿ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ತಂಡದಿಂದ ಶುರುವಾಯಿತು. ವರ್ಷಕ್ಕೊಂದು ಕುಟುಂಬದ ಉಸ್ತುವಾರಿ, ಜಾಗವೂ ಬದಲಾಗುತ್ತಲೇ ಬಂದಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಜಾಗ ಬದಲಾಯಿತು ಅಂತ ಅಲ್ಲಿ ಯಾರೂ ಗೊಣಗಿದ್ದು ನಾನು ಕೇಳಿಲ್ಲ, ಯಾಕೆಂದರೆ ಎಲ್ಲಿ ಅಂತ ಮೊದಲೇ ಹೇಳುತ್ತಾರೆ. ಅಪ್ಪ ವಾಪಸ್ ಹೋಗುವಾಗ ಏರ್‌ಪೋರ್ಟಿನಲ್ಲಿ ಇದನ್ನೇ ಹೇಳಿದರು.

ಈಗ ನಿಮಗೆ ಹೇಳುವುದು ಇಷ್ಟು. ಸೀಸನ್ ಟಿಕೆಟ್ ತಗೊಳ್ಳುವ ಮುಂಚೆ ವೇಳಾಪಟ್ಟಿಯಲ್ಲಿ ಪ್ರತಿ ಗೇಮಿನ ಎದುರು ರಿಂಕಿನ ಹೆಸರು ನೋಡಿ, "ಹೋಮ್" ಅನ್ನುವ ಪದ ನೋಡಬೇಡಿ. ಫೋನಿಗೆ ಎಷ್ಟು ಟಿಕೆಟ್ ಬರುತ್ತದೆ ಅಂತ ಮೇಲಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಬಯಲು ಗೇಮಿಗೆ ಹೋಗಲೇಬೇಕು ಅಂದರೆ ಮೇಲಿನ ಸೀಟು, ಅದೂ ಕೊನೇ ವಾರದಲ್ಲಿ. ವಿಶೇಷ ಅವಕಾಶ ಅಂತ ಕೋಡ್ ಬಂದರೆ ಅಳಿಸಿಬಿಡಿ. ಗೆಳೆಯರಿಗೆ ಕೊಡಲೇಬೇಡಿ.

ಆ ಸೀಸನ್ ಆದ ಮೇಲೆ ನಾನು ಬಿಟ್ಟಿದ್ದೆ. ಮಗಳು ಈಗ ತಾನೇ ಆಡುತ್ತಾಳೆ, ಅವಳ ಹಟಕ್ಕೆ ಮತ್ತೆ ಹೆಸರು ಕೊಟ್ಟೆ. ಈ ಮೇಲ್ ಬಂದಿದ್ದು ಅದಕ್ಕೇ. ನಿನ್ನೆ ಬೆಳಗ್ಗೆ ಒಂದೇ ಸಾಲಿನ ಪ್ರಶ್ನೆ ಕಳಿಸಿದೆ: "18ರ ಪಕ್ಕದ ನಕ್ಷತ್ರ ಯಾವ ಗೇಮ್?" ತಕ್ಷಣ ಉತ್ತರ ಬಂತು. ನಿಮ್ಮ ಪತ್ರ ತಲುಪಿದೆ, ಐದರಿಂದ ಏಳು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಅಂತ. ದುಡ್ಡು ಕಟ್ಟಲು ಕೊನೆಯ ದಿನ ಶುಕ್ರವಾರ. ಇವತ್ತು ಮಂಗಳವಾರ.