ನೊರೆಕಾಫಿಗೆ ಚಮಚ, ಫ್ರಾದರ್, ಕಡಗೋಲು, ಮಿಕ್ಸಿ: ಯಾವುದು ಹೊಂದುತ್ತದೆ?

2020ರ ಲಾಕ್‌ಡೌನ್ ದಿನಗಳಲ್ಲಿ ದಕ್ಷಿಣ ಕೊರಿಯಾದಿಂದ ಎಲ್ಲೆಡೆ ಹಬ್ಬಿದ ಡಲ್ಗೋನಾ ಕಾಫಿಗೂ, ಉತ್ತರ ಭಾರತದ ಮನೆಗಳಲ್ಲಿ ಅದಕ್ಕಿಂತ ಬಹಳ ಮೊದಲಿನಿಂದ ಮಾಡುತ್ತ ಬಂದಿರುವ ಕಡೆದ ಕಾಫಿಗೂ ನೊರೆ ಮಾಡಲು ಬೇಕಾದದ್ದು ಇನ್‌ಸ್ಟಂಟ್ ಕಾಫಿಪುಡಿ, ಸಕ್ಕರೆ ಮತ್ತು ಬಿಸಿನೀರು ಮಾತ್ರ. ಆದರೆ ಮೊದಲನೆಯದರಲ್ಲಿ ನೊರೆಯು ತಣ್ಣನೆಯ ಹಾಲಿನ ಮೇಲೆ ನಿಲ್ಲಬೇಕು, ಎರಡನೆಯದರಲ್ಲಿ ನೊರೆಯ ಮೇಲೆ ಬಿಸಿಹಾಲನ್ನು ಸುರಿಯುತ್ತೇವೆ. ಕಡೆಯುವ ಸಾಧನವನ್ನು ಈ ವ್ಯತ್ಯಾಸ ನೋಡಿಯೇ ಆರಿಸಿಕೊಳ್ಳಬೇಕು ಎಂಬುದು ಎಲ್ಲವನ್ನೂ ಮನೆಯಲ್ಲಿ ಮಾಡಿ ನೋಡಿದ ಮೇಲೆ ನನಗೆ ಖಚಿತವಾಗಿದೆ.

ಬಿಸಿಕಾಫಿಗೆ ಚಮಚಕ್ಕಿಂತ ಒಳ್ಳೆಯ ಸಾಧನವಿಲ್ಲ. ಕಾಫಿಪುಡಿ, ಸಕ್ಕರೆ ಎರಡನ್ನೂ ಸಮನಾಗಿ ಲೋಟಕ್ಕೆ ಹಾಕಿ, ನೀರನ್ನು ಪುಡಿಯ ಅರ್ಧದಷ್ಟೇ ಸೇರಿಸಿ ಬಿರುಸಾಗಿ ತಿರುವಬೇಕು. ಚಮಚವು ಹೆಚ್ಚು ಗಾಳಿಯನ್ನು ಒಳಗೆಳೆಯಲಾರದ ಕಾರಣ ಮಿಶ್ರಣವೇ ಗಟ್ಟಿಯಾಗಿರಬೇಕಾಗುತ್ತದೆ. ಮೊದಲು ಸಕ್ಕರೆಯ ಹರಳು ಲೋಟಕ್ಕೆ ಉಜ್ಜುವ ಕರಕರ ಸದ್ದು ನಿಲ್ಲುತ್ತದೆ, ಬಳಿಕ ಕಪ್ಪು ಬಣ್ಣ ಕಂದಾಗಿ, ಏಳೆಂಟು ನಿಮಿಷಗಳಲ್ಲಿ ತಿಳಿಯಾಗಿ, ಚಮಚ ಎತ್ತಿದರೆ ಮಿಶ್ರಣವು ದೋಸೆಹಿಟ್ಟಿನಂತೆ ನಿಧಾನವಾಗಿ ಇಳಿಯುತ್ತದೆ. ಇದರ ಮೇಲೆ ಕೆನೆ ತೆಗೆದ ಬಿಸಿಹಾಲನ್ನು ತುಸು ಎತ್ತರದಿಂದ ಸುರಿದಾಗ ಏಳುವ ನೊರೆ ಕೊನೆಯ ಗುಟುಕಿನವರೆಗೂ ಉಳಿಯುತ್ತದೆ, ಕಾಫಿಯ ರುಚಿಯೂ ಹಾಲಿನ ತುಂಬ ಹರಡಿಕೊಳ್ಳುತ್ತದೆ. ಕೈ ನೋಯುವುದು ನಿಜ. ಆದರೂ ಈ ಕಾಫಿಗಾಗಿ ಅಷ್ಟು ಶ್ರಮಪಡಲು ನಾನು ಸಂತೋಷದಿಂದ ಸಿದ್ಧ.

ತಣ್ಣನೆಯ ಹಾಲಿನ ಮೇಲೆ ಗುಪ್ಪೆಯಾಗಿ ನಿಲ್ಲುವ ನೊರೆ ಬೇಕಾದರೆ ಚಮಚ ಸಾಲದು. ಅಲ್ಲಿ ಪುಡಿ, ಸಕ್ಕರೆ, ನೀರು ಮೂರನ್ನೂ ಸಮನಾಗಿ ಬೆರೆಸಿ ಬ್ಯಾಟರಿ ಫ್ರಾದರಿನಿಂದ (ನೊರೆ ಎಬ್ಬಿಸುವ ಪುಟ್ಟ ಕೈಯಂತ್ರ) ಕಡೆಯುವುದು ಒಂದೆರಡು ಲೋಟಗಳಿಗೆ ತಕ್ಕ ವಿಧಾನ. ಮಿಶ್ರಣ ಗಟ್ಟಿಯಾಗುತ್ತಿದ್ದಂತೆ ಅದರ ಸಣ್ಣ ಮೋಟಾರು ತಿಣುಕುತ್ತದೆಯಾದ್ದರಿಂದ, ಹೆಚ್ಚು ಜನರಿದ್ದಾಗ ಕೇಕ್ ಮಾಡುವವರು ಬಳಸುವ ವಿದ್ಯುತ್ ಬೀಟರ್ ಉತ್ತಮ. ನಮ್ಮ ಮಜ್ಜಿಗೆಯ ಕಡಗೋಲು, ಅದರ ತಲೆ ಮುಳುಗುವಷ್ಟು ಮಿಶ್ರಣವಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮಿಕ್ಸಿಯನ್ನು ನಾನು ಸೂಚಿಸುವುದಿಲ್ಲ: ಅಲ್ಪ ಮಿಶ್ರಣವು ಜಾರಿನ ಗೋಡೆಗೆ ಸಿಡಿದು ಬ್ಲೇಡಿಗೆ ಸಿಗದೆ ಉಳಿಯುತ್ತದೆ.

ಸಾಧನ ಯಾವುದೇ ಇರಲಿ, ಫಿಲ್ಟರ್ ಡಿಕಾಕ್ಷನ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಗಾಳಿಯ ಗುಳ್ಳೆಗಳನ್ನು ಹಿಡಿದಿಡುವ ಕಾಫಿಯ ಅಂಶಗಳು ಇನ್‌ಸ್ಟಂಟ್ ಪುಡಿಯಲ್ಲಿ ಸಾಂದ್ರವಾಗಿರುತ್ತವೆ. ಡಿಕಾಕ್ಷನ್ನಿನಲ್ಲಿ ನೀರಿನ ಪಾಲೇ ಬಹಳ ಹೆಚ್ಚು. ಸಕ್ಕರೆಯು ದ್ರವವನ್ನು ಮಂದಗೊಳಿಸಿ ನೊರೆ ಬೇಗ ಇಳಿಯದಂತೆ ತಡೆಯುತ್ತದೆ. ಸಕ್ಕರೆ ಬಿಟ್ಟವರು ಫ್ರಾದರಿನಿಂದ ಕಡೆದರೆ ನೊರೆಯೇನೋ ಬರುತ್ತದೆ, ಆದರೆ ಹಾಲಿಗೆ ಹಾಕಿದ ಕೂಡಲೇ ಕುಡಿಯಬೇಕು.